ಬಿಡುಗಡೆಯ ಬೆಲೆ

ಯಾವುದೇ ಕರಾರಿನ ಯೋಗ್ಯತೆಯನ್ನು ಅಳೆಯಬೇಕಾದರೆ ಅದರೊಳಗೆ ನಾವು ಹೇಗೆ ಹೊಕ್ಕೆವೆಂಬುದನ್ನು ನೋಡಿದರೆ ಸಾಲದು. ಅದರಿಂದ ಹೇಗೆ ಹೊರಬರಬಹುದೆಂಬುದನ್ನು ನೋಡಬೇಕು. ಹೊಗುವಾಗ ಎಲ್ಲ ಬಾಗಿಲುಗಳೂ ವಿಶಾಲವಾಗಿಯೇ ಇರುತ್ತವೆ. ಅಲ್ಲಿ ತೋರಣವಿರುತ್ತದೆ, ನಗುಮುಖವಿರುತ್ತದೆ, 'ಮೊದಲ ತಿಂಗಳು ಉಚಿತ' ಎಂಬ ಸಿಹಿಮಾತಿರುತ್ತದೆ. ಹೊರಡುವ ಹೊತ್ತಿಗೆ ಅದೇ ಬಾಗಿಲು ಗೋಡೆಯಾಗಿರುತ್ತದೆ. ಡಿಶ್ ಟೀವಿ, ಅಂತರಜಾಲದ ಸಂಪರ್ಕ, ನೀರು ಶುದ್ಧಿ ಮಾಡುವ ಯಂತ್ರದ ವಾರ್ಷಿಕ ದುರಸ್ತಿ ಮೊದಲಾದ ಹೆಸರುಗಳಲ್ಲಿ ಇಂದು ಮನೆಮನೆಗೂ ಬಂದಿರುವ ಸೇವಾ ಕರಾರುಗಳಲ್ಲಿ ಬಹುಪಾಲಿನ ಗತಿ ಇದೇ ಆಗಿದೆ. ಈ ಲೇಖನದ ವಾದ ಇಷ್ಟೆ: ಯಾವ ಭಾಷೆಯಲ್ಲಿ, ಯಾವ ಸೌಲಭ್ಯದಿಂದ ಗ್ರಾಹಕನನ್ನು ಒಳಗೆ ಕರೆದರೋ ಅದೇ ಭಾಷೆಯಲ್ಲಿ, ಅದೇ ಸೌಲಭ್ಯದಿಂದ ಅವನನ್ನು ಹೊರಗೆ ಬಿಡಬೇಕು. ಬಿಡುಗಡೆಗೆ ಬೆಲೆಯೇನಾದರೂ ಇದ್ದ ಪಕ್ಷದಲ್ಲಿ, ಅದನ್ನು ಹೊಗುವ ದಿನವೇ ಅಂಕಿಗಳಲ್ಲಿ ಬರೆದು ತೋರಿಸಬೇಕು. ಇದು ದಯೆಯ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ.

ನಮ್ಮ ಹಳ್ಳಿಗಳಿಗೆ ಕರಾರೆಂಬುದು ಹೊಸತಲ್ಲ. ಆಳುಮಗನ ಸಂಬಳ ಯುಗಾದಿಯಿಂದ ಯುಗಾದಿಗೆ ಎಂದು ಗೊತ್ತಾಗುತ್ತಿದ್ದ ಕಾಲವನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ಅಗಸನಿಗೂ ಕ್ಷೌರಿಕನಿಗೂ ಸುಗ್ಗಿಯಲ್ಲಿ ಕಣದಿಂದಲೇ ಕಾಳು ಸಲ್ಲುತ್ತಿತ್ತು. ಆ ವ್ಯವಸ್ಥೆಯಲ್ಲಿ ಅನ್ಯಾಯವಿರಲಿಲ್ಲವೆಂದು ಯಾರೂ ಹೇಳಲಾರರು. ಜಾತಿಯ ಭಾರವೂ ಬಡತನದ ಭಾರವೂ ಅದರಲ್ಲಿ ಬೇಕಾದಷ್ಟಿದ್ದುವು. ಆದರೂ ವರುಷದ ಕೊನೆ ಯಾವುದೆಂಬುದು ಇಬ್ಬರಿಗೂ ಗೊತ್ತಿತ್ತು. ಬೇವುಬೆಲ್ಲ ತಿಂದ ಮೇಲೆ ಉಳಿಯುವವನು ಉಳಿಯುತ್ತಿದ್ದನು, ಹೋಗುವವನು ಹೋಗುತ್ತಿದ್ದನು. ಇದಕ್ಕೆ ವಿರುದ್ಧವಾದ ಇನ್ನೊಂದು ಕರಾರೂ ಇತ್ತು. ಅದರ ಹೆಸರು ಜೀತ. ಅದರಲ್ಲಿ ಹೊಗುವ ದಿನ ಮಾತ್ರ ಇತ್ತು, ಹೊರಡುವ ದಿನವಿರಲಿಲ್ಲ. ಸಾಲದ ಲೆಕ್ಕ ಧಣಿಯ ಪುಸ್ತಕದಲ್ಲಿರುತ್ತಿತ್ತು; ಜೀತದಾಳಿಗೆ ಅದನ್ನು ಓದಲು ಬರುತ್ತಿರಲಿಲ್ಲ. ದೇಶವು ಇದನ್ನು 1976ರ ಶಾಸನದಿಂದ ನಿಷೇಧಿಸಿತು. ಜೀತದ ಸಂಕಟವನ್ನೂ ಡಿಶ್ಶಿನ ಚಂದಾವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಜೀತ ಮಾಡಿದವರಿಗೆ ಅವಮಾನ. ಆದರೆ ಲೆಕ್ಕದ ಪುಸ್ತಕ ಒಬ್ಬನ ಕೈಯಲ್ಲಿ, ಋಣದ ಭಾರ ಇನ್ನೊಬ್ಬನ ಹೆಗಲಲ್ಲಿ ಎಂಬ ಆ ಹಳೆಯ ತಂತ್ರವು ಸತ್ತಿಲ್ಲ. ಹೊಸ ಅಂಗಿ ತೊಟ್ಟು ಹೊಸ್ತಿಲಿಗೆ ಬಂದಿದೆ ಎಂಬುದನ್ನು ಮಾತ್ರ ಇಲ್ಲಿ ಹೇಳಬೇಕಾಗಿದೆ.

ನಮ್ಮ ಹಾಸನೂರಿನಂಥ ಊರಿನಲ್ಲಿ ಈ ತಂತ್ರವು ಇನ್ನಷ್ಟು ಬಲವಾಗಿ ನಡೆಯುವುದಕ್ಕೆ ಕಾರಣವುಂಟು. ಕೆಳಗಿನ ಬಯಲಿನ ಸತ್ಯಮಂಗಲದಿಂದ ಇಲ್ಲಿಗೆ ಬರಬೇಕಾದರೆ ಬಣ್ಣಾರಿಯನ್ನು ದಾಟಿ ದಿಂಬಂ ಘಟ್ಟದ 27 ತಿರುವುಗಳನ್ನು ಏರಬೇಕು. ಸುತ್ತಲೂ 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಕಾಡು. 2022ರ ಫೆಬ್ರವರಿಯಿಂದ ಮದರಾಸು ಉಚ್ಚ ನ್ಯಾಯಾಲಯದ ಅಪ್ಪಣೆಯಂತೆ ಈ ರಸ್ತೆಯಲ್ಲಿ ರಾತ್ರಿಯ ವಾಹನ ಸಂಚಾರಕ್ಕೆ ನಿರ್ಬಂಧವೂ ಬಂದಿದೆ. ಇಂಥ ಕಡೆ ಮನೆಯ ಮೇಲೆ ಡಿಶ್ಶನ್ನು ಕೂರಿಸಬೇಕಾದರೂ ಯಂತ್ರವನ್ನು ರಿಪೇರಿ ಮಾಡಬೇಕಾದರೂ ಒಬ್ಬ ಮನುಷ್ಯನು ಹಗಲಿನಲ್ಲಿ ಘಟ್ಟ ಹತ್ತಿ ಬರಬೇಕು. ಕೂರಿಸುವ ದಿನ ಅವನು ತಪ್ಪದೆ ಬರುತ್ತಾನೆ. ಆನೆ ಅಡ್ಡ ನಿಂತಿದ್ದರೂ ಕಾದು ಬರುತ್ತಾನೆ. ಕಳಚುವ ದಿನ ಅದೇ ಘಟ್ಟವು ದುರ್ಗಮವಾಗುತ್ತದೆ, ಅದೇ ಆನೆಯು ಭಯಂಕರವಾಗುತ್ತದೆ. ಅವನು ಬರುವವರೆಗೆ ಕರಾರು ಮುಗಿಯುವುದಿಲ್ಲ. ಕರಾರು ಮುಗಿಯುವವರೆಗೆ ಬಾಡಿಗೆ ನಿಲ್ಲುವುದಿಲ್ಲ. ಕಾಡೂ ಮಲೆಯೂ ಸಂಸ್ಥೆಯವರ ಪಾಲಿಗೆ ಸಂಬಳವಿಲ್ಲದ ಕಾವಲುಗಾರರಾದುವು.

ನಮ್ಮ ಮನೆಯಲ್ಲಿಯೇ ನಡೆದುದನ್ನು ಉದಾಹರಣೆಗಾಗಿ ಹೇಳಬಹುದು. ಸಂಸ್ಥೆಯ ಹೆಸರು ಇಲ್ಲಿ ಅನಾವಶ್ಯಕ. ಈ ನಡತೆ ಒಂದೇ ಸಂಸ್ಥೆಯ ಸ್ವತ್ತಲ್ಲ. ನಮ್ಮ ದೊಡ್ಡಮ್ಮನವರು ಕಣ್ಣು ಮಂಜಾದ ಮೇಲೆ ಕೂಡ ಕನ್ನಡದ ಹಾಡನ್ನೂ ವಾರ್ತೆಯನ್ನೂ ಕೇಳಬೇಕೆಂದು ಆಸೆಪಟ್ಟು, ತಮ್ಮ ಹೆಸರಿನಲ್ಲಿಯೇ ಡಿಶ್ ಸಂಪರ್ಕವನ್ನು ಹಾಕಿಸಿಕೊಂಡರು. ಬಂದ ಏಜೆಂಟನು ಸೊಗಸಾದ ಕನ್ನಡದಲ್ಲಿ ಮಾತಾಡಿದನು. ಹನ್ನೆರಡು ತಿಂಗಳ ಹಣವನ್ನು ಮುಂಗಡವಾಗಿ ಪಡೆದನು. ಐದು ತಿಂಗಳು ಕಳೆಯುವಷ್ಟರಲ್ಲಿ ದೊಡ್ಡಮ್ಮನವರು ತೀರಿಕೊಂಡರು. ಉತ್ತರಕ್ರಿಯೆಗಳೆಲ್ಲ ಮುಗಿದ ಮೇಲೆ, ಸಂಪರ್ಕ ಇನ್ನು ಬೇಡವೆಂದು ಹೇಳುವುದಕ್ಕಾಗಿ ಸಂಸ್ಥೆಗೆ ದೂರವಾಣಿ ಮಾಡಿದೆವು. ತಮಿಳಿಗೆ ಒಂದನ್ನು ಒತ್ತಿ, ಇಂಗ್ಲಿಷಿಗೆ ಎರಡನ್ನು, ಹಿಂದಿಗೆ ಮೂರನ್ನು ಒತ್ತಿ ಎಂದಿತು ಆ ಯಂತ್ರ. ಹೊಸ ಸಂಪರ್ಕಕ್ಕೆ ಒಂದು ಅಂಕಿ, ಹಣ ಕಟ್ಟುವುದಕ್ಕೆ ಒಂದು ಅಂಕಿ, ಇನ್ನೂ ದುಬಾರಿಯಾದ ಯೋಜನೆಗೆ ಒಂದು ಅಂಕಿ ಇದ್ದುವು. ಬಿಡುವುದಕ್ಕೆ ಅಂಕಿಯೇ ಇರಲಿಲ್ಲ. ಕಡೆಗೆ ದೊರೆತ ಮನುಷ್ಯಧ್ವನಿಯು, 'ಖಾತೆದಾರರೇ ಮಾತಾಡಬೇಕು' ಎಂದಿತು. ಖಾತೆದಾರರು ಕಾಲವಾದರೆಂದರೆ, 'ಹಾಗಾದರೆ ಅವರ ನೋಂದಾಯಿತ ದೂರವಾಣಿಯಿಂದಲೇ ಕರೆಯಬೇಕು' ಎಂದಿತು. ಮರಣಪತ್ರವನ್ನು ಕಳುಹಿಸಿದೆವು, ಸಿಕ್ಕಿಲ್ಲವೆಂದರು. ಮತ್ತೆ ಕಳುಹಿಸಿದೆವು, ಅಸ್ಪಷ್ಟವಾಗಿದೆಯೆಂದರು. ಮೂರು ತಿಂಗಳ ಕೊನೆಗೆ ಬಂದ ಉತ್ತರದ ಸಾರವೇನೆಂದರೆ, ಮುಂಗಡ ಹಣದಲ್ಲಿ ಉಳಿದುದು ಮರಳುವುದಿಲ್ಲ. ಬಾಕ್ಸನ್ನು ಕಳಚಲು ಬರುವ ತಂತ್ರಜ್ಞನ ಭೇಟಿಗೆ ಶುಲ್ಕವನ್ನು ಕೊಡಬೇಕು. ಬಾಕ್ಸ್ ಮರಳದಿದ್ದರೆ ಅದರ ಬೆಲೆಯನ್ನು ಬೇರೆ ಕೊಡಬೇಕು. ಸತ್ತವರನ್ನು ಯಮನು ಒಂದೇ ದಿನದಲ್ಲಿ ಕರಾರಿನಿಂದ ಬಿಡಿಸಿದನು. ಸಂಸ್ಥೆಗೆ ಮೂರು ತಿಂಗಳು ಸಾಲಲಿಲ್ಲ.

'ಡಿಶ್ಶು ಮುಂಗಡ ಹಣದ ಸೇವೆಯಲ್ಲವೆ? ಹಣ ಕಟ್ಟದಿದ್ದರೆ ತಾನಾಗಿ ನಿಲ್ಲುತ್ತದೆ' ಎಂದು ಕೆಲವರು ಸಮಾಧಾನ ಹೇಳುವರು. ನಿಲ್ಲುವುದು ಚಿತ್ರ ಮಾತ್ರ, ಕರಾರಲ್ಲ. ಬ್ಯಾಂಕಿನ ಖಾತೆಯಿಂದ ತಾನಾಗಿ ಹಣ ಕಡಿತವಾಗುವ ಏರ್ಪಾಟಿಗೆ ಒಮ್ಮೆ ಒಪ್ಪಿದ್ದರೆ ಚಿತ್ರವೂ ನಿಲ್ಲುವುದಿಲ್ಲ, ಕಡಿತವೂ ನಿಲ್ಲುವುದಿಲ್ಲ. ಕಾರ್ಡಿನ ಮೂಲಕ ನಡೆಯುವ ಇಂಥ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ತಿಳಿವಳಿಕೆ ಕೊಡಬೇಕೆಂದೂ, ಬೇಡವೆಂದು ಹಿಂದೆಗೆಯುವ ಹಕ್ಕು ಗ್ರಾಹಕನಿಗಿರಬೇಕೆಂದೂ ರಿಸರ್ವ್ ಬ್ಯಾಂಕು ಮಾಡಿದ ನಿಯಮವು 2021ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ನಿಯಮ ಒಳ್ಳೆಯದೇ. ಆದರೆ ಆ ತಿಳಿವಳಿಕೆ ಇಂಗ್ಲಿಷಿನಲ್ಲಿ, ನಾಲ್ಕು ಜಾಹೀರಾತುಗಳ ನಡುವೆ ಬಂದು ಬಿದ್ದರೆ, ಓದಲು ಬಾರದವನಿಗೆ ಅದು ತಿಳಿವಳಿಕೆಯಾಗುವುದೆಂತು?

ಇನ್ನು ಗುಪ್ತ ಶುಲ್ಕಗಳ ವಿಚಾರ. ಗುಪ್ತವೆಂದರೆ ಎಲ್ಲಿಯೂ ಬರೆದಿರುವುದಿಲ್ಲವೆಂದಲ್ಲ. ಬರೆದುದು ಕಾಣದಂತೆ ಬರೆದಿರುತ್ತದೆ ಎಂದರ್ಥ. ಸರಕಾರದ ಅಂಕೆಯಲ್ಲಿರುವ ದರದಲ್ಲಿಯೇ ಇದು ಹೇಗೆ ನಡೆಯುವುದೆಂಬುದಕ್ಕೆ ಒಂದು ನಿದರ್ಶನ ಕೊಡಬಹುದು. 2019ರ ಫೆಬ್ರವರಿಯಿಂದ ಜಾರಿಗೆ ಬಂದ ವ್ಯವಸ್ಥೆಯಲ್ಲಿ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಮೊದಲ 100 ವಾಹಿನಿಗಳಿಗೆ ಜಾಲದ ಶುಲ್ಕವು ರೂ. 130ನ್ನು ಮೀರಕೂಡದೆಂದು ವಿಧಿಸಿತು. ಎಲ್ಲರ ಬಾಯಲ್ಲಿಯೂ ನೂರಮೂವತ್ತೇ. ಆದರೆ ಅದಕ್ಕೆ ಶೇಕಡಾ 18ರ ಜಿ.ಎಸ್.ಟಿ. ಸೇರಿದಾಗ ರೂ. 153 ಮತ್ತು 40 ಪೈಸೆಯಾಗುತ್ತಿತ್ತು. ಹಣ ಪಡೆಯುವ ವಾಹಿನಿಗಳ ಬೆಲೆ ಇದರ ಮೇಲೆ ಬೇರೆ. ಆ ಮಿತಿಯನ್ನೂ 2024ರ ಜುಲೈಯಲ್ಲಿ ತೆಗೆದುಹಾಕಿ, ದರವನ್ನು ಸಂಸ್ಥೆಗಳ ವಿವೇಚನೆಗೇ ಬಿಟ್ಟುಕೊಡಲಾಯಿತು. ನಿಯಂತ್ರಕರಿದ್ದಲ್ಲಿಯೇ ಹೇಳಿದ ಬೆಲೆಗೂ ಕೊಟ್ಟ ಬೆಲೆಗೂ ಇಷ್ಟು ಅಂತರವಾದರೆ, ಜೋಡಣೆಯ ಶುಲ್ಕ, ಚಾಲನೆಯ ಶುಲ್ಕ, ಭೇಟಿಯ ಶುಲ್ಕ, ಸ್ಥಳ ಬದಲಾವಣೆಯ ಶುಲ್ಕ, ಅವಧಿಗೆ ಮುನ್ನ ಬಿಟ್ಟುದಕ್ಕೆ ದಂಡ ಎಂಬ ಹೆಸರುಗಳಿಗೆ ಕೇಳುವವರಾರು? ಒಂದನ್ನು ತೀರಿಸಿದರೆ ಇನ್ನೊಂದು ಮೂಡುತ್ತದೆ. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎಂಬ ಗಾದೆ ಈ ಶುಲ್ಕಗಳಿಗಾಗಿಯೇ ಹುಟ್ಟಿತೋ ಎನ್ನಿಸುತ್ತದೆ.

ಭಾಷೆಯ ಮಾತು ಇಲ್ಲಿ ಅಪ್ರಾಸಂಗಿಕವೆಂದು ಯಾರೂ ಭಾವಿಸದಿರಲಿ. 1956ರ ನವೆಂಬರಿನಲ್ಲಿ ರಾಜ್ಯಗಳು ಪುನರ್ವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿತು. ತಾಳವಾಡಿಯ ಸೀಮೆ ಮದರಾಸಿನಲ್ಲಿಯೇ ಉಳಿಯಿತು. ಅಂದಿನಿಂದ ನಾವು ಮನೆಯಲ್ಲಿ ಕನ್ನಡದವರಾಗಿ, ಕಚೇರಿಯಲ್ಲಿ ತಮಿಳಿನವರಾಗಿ ಬಾಳುತ್ತ ಬಂದಿದ್ದೇವೆ. ಇದರಲ್ಲಿ ನೆರೆಯ ತಮಿಳರ ಮೇಲೆ ನಮಗೆ ಯಾವ ದೂರೂ ಇಲ್ಲ. ಅವರೊಡನೆ ಬಾಳುವುದನ್ನು ನಾವು ಬಹುಕಾಲದಿಂದ ಬಲ್ಲೆವು. ದೂರು ಇರುವುದು ಈ ವಿಚಿತ್ರದ ಮೇಲೆ: ಮಾರುವಾಗ ಕನ್ನಡ, ಸಹಿ ಹಾಕಿಸುವಾಗ ಇಂಗ್ಲಿಷು, ತಗಾದೆ ಮಾಡುವಾಗ ತಮಿಳು; ಬಿಡಿಸಿಕೊಳ್ಳುವಾಗ ಯಾವ ಭಾಷೆಯೂ ಇಲ್ಲ. ರಾಜ್ಯಾಂಗದ 350ನೆಯ ಅನುಚ್ಛೇದವು, ಒಕ್ಕೂಟದಲ್ಲಿ ಅಥವಾ ಆಯಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಸರಕಾರದ ಅಧಿಕಾರಿಗಳಿಗೆ ಕುಂದುಕೊರತೆಯ ಮನವಿಯನ್ನು ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. ಆದುದರಿಂದ ಹಾಸನೂರಿನ ಕನ್ನಡಿಗನು ಈರೋಡಿನ ಜಿಲ್ಲಾಧಿಕಾರಿಗೆ ಕನ್ನಡದಲ್ಲಿ ಅರ್ಜಿ ಬರೆಯಬಹುದು, ದಿಲ್ಲಿಗೂ ಬರೆಯಬಹುದು. ತನ್ನ ಮನೆಯ ಮಾಡಿನ ಮೇಲಿರುವ ಡಿಶ್ಶು ಬೇಡವೆಂದು ಮಾತ್ರ ಕನ್ನಡದಲ್ಲಿ ಹೇಳಲಾರನು! ರಾಜ್ಯಾಂಗವು ಸರಕಾರವನ್ನು ಕಟ್ಟಿಹಾಕಿತು, ವ್ಯಾಪಾರಿಯನ್ನು ಮರೆಯಿತು. ವಿಳಾಸವು ತಮಿಳುನಾಡಿನದೆಂಬ ಒಂದೇ ಕಾರಣದಿಂದ ಯಂತ್ರಕ್ಕೆ ನಮ್ಮ ನುಡಿ ಕೇಳಿಸದೆ ಹೋಯಿತು. ಏಜೆಂಟನಿಗೆ ಮಾತ್ರ ಕೇಳಿಸಿತು, ಅದೂ ಹಣ ಎಣಿಸುವವರೆಗೆ.

ಈಗ ಎದುರು ಪಕ್ಷದ ವಾದಗಳನ್ನು ಎತ್ತಿಕೊಳ್ಳೋಣ. 'ಸಹಿ ಹಾಕಿದ ಮೇಲೆ ಬದ್ಧನಾಗಲೇಬೇಕು' ಎಂಬುದು ಮೊದಲನೆಯದು. ಇದು ಕೇಳುವುದಕ್ಕೆ ಧರ್ಮಶಾಸ್ತ್ರದಂತಿದೆ. ನಮ್ಮ ದೇಶದ ಕಾನೂನು ಮಾತ್ರ ಹೀಗೆ ಹೇಳುವುದಿಲ್ಲ. 1872ರ ಕರಾರು ಶಾಸನದ 74ನೆಯ ಪ್ರಕರಣವನ್ನು ನೋಡಿ. ಕರಾರು ಮುರಿದಾಗ ಕೊಡಬೇಕಾದ ಮೊತ್ತವನ್ನು ಕಾಗದದಲ್ಲಿ ಮೊದಲೇ ಬರೆದಿದ್ದರೂ, ಎದುರು ಪಕ್ಷಕ್ಕೆ ಸಲ್ಲುವುದು ಆ ಮೊತ್ತವನ್ನು ಮೀರದ ನ್ಯಾಯವಾದ ಪರಿಹಾರವೇ ಹೊರತು ಬರೆದ ದಂಡವೆಲ್ಲವೂ ಅಲ್ಲ. ಬಲಾಢ್ಯನು ತಾನೇ ಅಚ್ಚುಹಾಕಿಸಿದ ಕರಾರಿನಲ್ಲಿ, ಬೇರೆ ಮಾರ್ಗವಿಲ್ಲದ ದುರ್ಬಲನಿಂದ ಸಹಿ ಪಡೆದ ವಿವೇಕವಿಹೀನವಾದ ಷರತ್ತನ್ನು ನ್ಯಾಯಾಲಯವು ಎತ್ತಿಹಿಡಿಯದೆಂದು ಸರ್ವೋಚ್ಚ ನ್ಯಾಯಾಲಯವು 1986ರಲ್ಲಿ ಬ್ರಜನಾಥ ಗಂಗೂಲಿಯವರ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಅದು ನೌಕರಿಯ ಕರಾರಿಗೆ ಸಂಬಂಧಿಸಿದ ಮೊಕದ್ದಮೆ. ಆದರೆ ಅದರ ತತ್ತ್ವವು ಚುಕ್ಕೆಗೆರೆಯ ಮೇಲೆ ಸಹಿ ಹಾಕುವ ಎಲ್ಲರನ್ನೂ ಮುಟ್ಟುತ್ತದೆ. 2019ರ ಗ್ರಾಹಕ ಸಂರಕ್ಷಣಾ ಶಾಸನವಂತೂ 'ಅನ್ಯಾಯದ ಕರಾರು' ಎಂಬ ಹೆಸರನ್ನೇ ಇಟ್ಟು, ಮಿತಿಮೀರಿದ ಠೇವಣಿ, ನಷ್ಟಕ್ಕೆ ಸರಿದೂಗದ ದಂಡ, ಗ್ರಾಹಕನನ್ನು ಹಿನ್ನಡೆಗೆ ಗುರಿಮಾಡುವ ಅಯುಕ್ತ ಶುಲ್ಕ ಮೊದಲಾದವನ್ನು ಅದರ ಲಕ್ಷಣಗಳೆಂದು ಎಣಿಸಿದೆ. ಆದುದರಿಂದ ಸಹಿಯು ಬ್ರಹ್ಮಲಿಪಿಯಲ್ಲ.

'ಮೊದಲಿಗೆ ಡಿಶ್ಶನ್ನೂ ಬಾಕ್ಸನ್ನೂ ಕಡಿಮೆ ಬೆಲೆಗೆ ಕೊಟ್ಟಿರುತ್ತೇವೆ. ನಡುವೆ ಬಿಟ್ಟುಹೋದರೆ ನಮಗೆ ನಷ್ಟ' ಎಂಬುದು ಎರಡನೆಯ ವಾದ. ಇದರಲ್ಲಿ ಸತ್ಯವಿದೆ, ಇಲ್ಲವೆನ್ನುವುದು ಹಟವಾದೀತು. ಘಟ್ಟ ಹತ್ತಿ ಬಂದವನ ಕೂಲಿಯನ್ನು ಯಾರಾದರೂ ಕೊಡಲೇಬೇಕು. ಆದರೆ ನಷ್ಟವು ನಿಜವಾದರೆ ಅದಕ್ಕೊಂದು ಅಂಕಿ ಇರಲೇಬೇಕು. ತಿಂಗಳು ಕಳೆದಂತೆ ಆ ಅಂಕಿ ಇಳಿಯಲೇಬೇಕು. 'ಮೂರನೆಯ ತಿಂಗಳಲ್ಲಿ ಬಿಟ್ಟರೆ ಇಷ್ಟು, ಒಂಬತ್ತನೆಯ ತಿಂಗಳಲ್ಲಿ ಬಿಟ್ಟರೆ ಇಷ್ಟು, ವರುಷ ತುಂಬಿದ ಮೇಲೆ ಏನೂ ಇಲ್ಲ' ಎಂದು ಒಂದು ಪಟ್ಟಿಯನ್ನು ಮೊದಲ ಪುಟದಲ್ಲಿ ಅಚ್ಚುಹಾಕುವುದಕ್ಕೆ ಅಡ್ಡಿಯೇನು? ಅಡ್ಡಿ ಒಂದೇ: ಆ ಪಟ್ಟಿಯನ್ನು ನೋಡಿದವನು ಬಹುಶಃ ಸಹಿ ಹಾಕಲಾರನು. ಹಾಗಾದರೆ ಅವರು ಕಾಪಾಡಿಕೊಳ್ಳುತ್ತಿರುವುದು ನಷ್ಟವನ್ನಲ್ಲ, ನಮ್ಮ ಅಜ್ಞಾನವನ್ನು.

'ಇದೆಲ್ಲ ನಾಲ್ಕೈದು ನೂರು ರೂಪಾಯಿಯ ಸಂಗತಿ, ಇದಕ್ಕಿಷ್ಟು ಆರ್ಭಟವೇಕೆ?' ಎಂಬುದು ಮೂರನೆಯ ವಾದ. ಮೂರರಲ್ಲಿ ಅತ್ಯಂತ ಕುಟಿಲವಾದುದು ಇದೇ. ಏಕೆಂದರೆ ಇಡೀ ವ್ಯಾಪಾರವು ನಿಂತಿರುವುದೇ ಈ ಸಣ್ಣತನದ ಮೇಲೆ. ಮೊತ್ತ ದೊಡ್ಡದಾದರೆ ಮನುಷ್ಯನು ವಕೀಲನನ್ನು ಹಿಡಿಯುತ್ತಾನೆ. ಚಿಕ್ಕದಾದರೆ ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಾನೆ. ಆ ನಿಟ್ಟುಸಿರನ್ನು ಲೆಕ್ಕಹಾಕಿಯೇ ಶುಲ್ಕವನ್ನು ಗೊತ್ತುಮಾಡಿರುವರೋ ಎಂಬ ಸಂಶಯ ಬಾರದಿರದು. ಪಟ್ಟಣದ ಸಂಬಳಗಾರನಿಗೆ ಚಿಕ್ಕದಾಗಿ ಕಾಣುವ ಮೊತ್ತವು ರಾಗಿ ಬೆಳೆಯುವ ಮಳೆಯಾಶ್ರಯದ ರೈತನಿಗೂ ಕಾಡಂಚಿನ ಸೋಲಿಗರ ಮನೆಗೂ ಕೂಲಿಯ ದಿನಗಳ ಲೆಕ್ಕ. ಅದಕ್ಕಿಂತ ಹೆಚ್ಚಾಗಿ, ಬೇಡವೆಂದು ಹೇಳುವ ಮನುಷ್ಯನ ಮಾತಿಗೆ ಬೆಲೆಯಿಲ್ಲವೆಂದು ಅವನ ಮನೆಯಲ್ಲಿಯೇ ಅವನಿಗೆ ತೋರಿಸಿಕೊಡುವುದು ಯಾವ ಮೊತ್ತಕ್ಕೂ ಸಣ್ಣದಾಗದು.

ಕಾನೂನು ಇದೆಯಲ್ಲ ಎಂದರೆ, ಇದೆ. ಆದರೆ ಅದರಲ್ಲಿ ಎರಡು ದೊಡ್ಡ ಬಿರುಕುಗಳಿವೆ. ಮೊದಲನೆಯದು ದೂರದ್ದು. 2019ರ ಶಾಸನವು ಒಂದು ಮಹದುಪಕಾರ ಮಾಡಿತು: ಹಿಂದಿನಂತೆ ಎದುರು ಪಕ್ಷದವರ ಕಚೇರಿಯಿದ್ದ ಊರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದಾವೆ ಹೂಡಬಹುದು. 5 ಲಕ್ಷ ರೂಪಾಯಿಯವರೆಗೆ ಶುಲ್ಕವೂ ಇಲ್ಲ. ಸೇವೆಯಲ್ಲಿ ಕೊರತೆ, ಅನುಚಿತ ವ್ಯಾಪಾರ ಎಂಬ ದೂರುಗಳಿಗೆ ಇದು ಸಲ್ಲುತ್ತದೆ. ಆದರೆ 'ಈ ಕರಾರೇ ಅನ್ಯಾಯದ್ದು' ಎಂದು ದೂರಬೇಕಾದರೆ, ಅದೇ ಶಾಸನದ 47ನೆಯ ಪ್ರಕರಣದಂತೆ ರಾಜ್ಯ ಆಯೋಗದ ಬಾಗಿಲನ್ನೇ ತಟ್ಟಬೇಕು. ನಮ್ಮ ರಾಜ್ಯ ಆಯೋಗ ಇರುವುದು ಚೆನ್ನೈಯಲ್ಲಿ. ಐನೂರು ರೂಪಾಯಿಯ ಅನ್ಯಾಯಕ್ಕಾಗಿ ಹಾಸನೂರಿನ ಕೂಲಿಕಾರನು ರಾಜಧಾನಿಯ ಆಯೋಗದಲ್ಲಿ ನಿಲ್ಲಬೇಕೆಂಬ ಈ ಏರ್ಪಾಟು, ಕೆರೆಯ ನೀರನ್ನು ಕುಡಿಯಲು ಸಮುದ್ರದಿಂದ ಅಪ್ಪಣೆ ತರಬೇಕೆಂಬಂತಿದೆ.

ಎರಡನೆಯ ಬಿರುಕು ಪರದೆಯದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಗಳಲ್ಲಿ 13 ಬಗೆಯ ವಂಚನಾ ವಿನ್ಯಾಸಗಳನ್ನು ಪಟ್ಟಿಮಾಡಿ ನಿಷೇಧಿಸಿದೆ. ಅವುಗಳಲ್ಲಿ 'ಚಂದಾದ ಬಲೆ' ಎಂದು ಕರೆಯಬಹುದಾದುದು ಒಂದು: ಹಣ ಕೊಟ್ಟ ಚಂದಾವನ್ನು ರದ್ದುಮಾಡುವುದನ್ನು ಅಸಾಧ್ಯವಾಗಿ ಅಥವಾ ತೊಡಕಾಗಿ ಮಾಡುವುದು, ರದ್ದುಮಾಡುವ ದಾರಿಯನ್ನು ಬಚ್ಚಿಡುವುದು. ಬೆಲೆಯನ್ನು ಹನಿಹನಿಯಾಗಿ ಹೊರಗೆಡಹಿ ಕೊನೆಗೆ ಏರಿಸುವುದು ಇನ್ನೊಂದು. ಇದು ಸ್ತುತ್ಯವಾದ ಕಾರ್ಯ. ಆದರೆ ಇವುಗಳ ಭಾಷೆಯೆಲ್ಲವೂ ಬೆರಳು ಒತ್ತುವ ಪರದೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದುದು. ಹಾಸನೂರಿನಲ್ಲಿ ಪರದೆಯ ಕೆಲಸವನ್ನು ಏಜೆಂಟನ ನಾಲಗೆ ಮಾಡುತ್ತದೆ. ಅವನು ಜಗಲಿಯ ಮೇಲೆ ಕುಳಿತು ಹೇಳಿದ ಮಾತನ್ನೂ, ದೂರವಾಣಿಯ ಯಂತ್ರವು ಹೇಳದೆ ಬಿಟ್ಟ ಅಂಕಿಯನ್ನೂ ಹಿಡಿಯುವಷ್ಟು ಸ್ಪಷ್ಟವಾಗಿ ಈ ಸೂಚಿಗಳಿಲ್ಲ. ಕಾನೂನು ಪಟ್ಟಣದ ಕಳ್ಳನ ಚಹರೆಯನ್ನು ಬರೆದಿಟ್ಟಿದೆ. ಹಳ್ಳಿಯ ಕಳ್ಳನಿಗೆ ಬೇರೆ ಮುಖವಿದೆ.

ಇದು ನಮ್ಮ ನಾಡಿನ ಪೀಡೆ ಮಾತ್ರವಲ್ಲ. ಅಮೆರಿಕದ ಅಮೆಜಾನ್ ಸಂಸ್ಥೆಯು ತನ್ನ ಚಂದಾದಾರರು ಬಿಟ್ಟುಹೋಗುವ ದಾರಿಯನ್ನು ಎಷ್ಟು ಸುತ್ತಾಗಿ ಕಟ್ಟಿತ್ತೆಂದರೆ, ಅದಕ್ಕೆ ಸಂಸ್ಥೆಯೊಳಗೆ 'ಇಲಿಯಡ್' ಎಂದೇ ಹೆಸರಿತ್ತೆಂದು ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ನು 2023ರ ತನ್ನ ದಾವೆಯಲ್ಲಿ ಹೇಳಿತು. ಇಲಿಯಡ್ ಎಂದರೆ ಹತ್ತು ವರುಷದ ಮುತ್ತಿಗೆಯ ಕಥೆಯಿಂದ ಹುಟ್ಟಿದ ಗ್ರೀಕರ ಮಹಾಕಾವ್ಯ. ಹೊರಹೋಗುವ ಗ್ರಾಹಕನನ್ನು ಕುರಿತು ಇದಕ್ಕಿಂತ ಪ್ರಾಮಾಣಿಕವಾದ ಹೆಸರನ್ನು ಯಾರು ತಾನೆ ಇಟ್ಟಾರು! ನಮ್ಮವರಾದರೆ ಚಕ್ರವ್ಯೂಹವೆಂದು ಕರೆಯುತ್ತಿದ್ದರೇನೋ. ಅಭಿಮನ್ಯುವಿಗೂ ಹೊಗುವ ದಾರಿಯಷ್ಟೇ ತಿಳಿದಿತ್ತು. ಆ ದಾವೆಯು 2025ರ ಸೆಪ್ಟೆಂಬರಿನಲ್ಲಿ ಒಟ್ಟು 250 ಕೋಟಿ ಡಾಲರುಗಳ ರಾಜಿಯಲ್ಲಿ ಮುಗಿಯಿತು. ಸೇರುವಷ್ಟೇ ಸುಲಭವಾಗಿ ಬಿಡುವಂತಿರಬೇಕೆಂದು ಅದೇ ಕಮಿಷನ್ನು 2024ರಲ್ಲಿ ಮಾಡಿದ ನಿಯಮವನ್ನು ಮಾತ್ರ, ವಿಧಿವಿಧಾನದ ಲೋಪಕ್ಕಾಗಿ, ಅಲ್ಲಿಯ ಮೇಲ್ಮನವಿ ನ್ಯಾಯಾಲಯವು 2025ರ ಜುಲೈಯಲ್ಲಿ ರದ್ದುಪಡಿಸಿತು. ಜರ್ಮನಿಯು ಇನ್ನೂ ನೇರವಾದ ಹಾದಿ ಹಿಡಿಯಿತು. ಅಂತರಜಾಲದಲ್ಲಿ ಮುಂದುವರಿಯುವ ಸೇವೆಗಳ ಕರಾರನ್ನು ಮಾರುವವರು ಅದೇ ಪುಟದಲ್ಲಿ ಕರಾರನ್ನು ಕೊನೆಗೊಳಿಸುವ ಗುಂಡಿಯನ್ನೂ ಎದ್ದು ಕಾಣುವಂತೆ ಇಡಲೇಬೇಕೆಂದು 2022ರ ಜುಲೈ 1ರಿಂದ ಅಲ್ಲಿ ಕಾನೂನಾಗಿದೆ. ಒಂದು ಗುಂಡಿ, ಅಷ್ಟೇ. ಅದನ್ನು ಇಟ್ಟುದರಿಂದ ಜರ್ಮನಿಯ ವ್ಯಾಪಾರವೇನೂ ಮುಳುಗಿಹೋಗಲಿಲ್ಲ.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಅಡುಗೆಮನೆಗೆ ಹೋದರೆ ಸಾಕು. ಸರಕಾರಿ ಸ್ವಾಮ್ಯದ ತೈಲ ಸಂಸ್ಥೆಗಳಿಂದ ಅಡಿಗೆ ಅನಿಲದ ಸಂಪರ್ಕ ಪಡೆದವನ ಕೈಗೆ ಒಂದು ಪತ್ರ ಬರುತ್ತದೆ. ಸಿಲಿಂಡರಿಗೆ ಎಷ್ಟು ಠೇವಣಿ, ರೆಗ್ಯುಲೇಟರಿಗೆ ಎಷ್ಟು ಎಂಬುದು ಅದರಲ್ಲಿ ಬರೆದಿರುತ್ತದೆ. ಸಂಪರ್ಕ ಬೇಡವೆಂದು ಅವೆರಡನ್ನೂ ಸುಸ್ಥಿತಿಯಲ್ಲಿ ಮರಳಿಸಿದವನಿಗೆ ಅಲ್ಲಿ ಬರೆದ ಠೇವಣಿ ಮರಳುತ್ತದೆ. 14.2 ಕಿಲೋ ಸಿಲಿಂಡರಿನ ಠೇವಣಿಯನ್ನು 2022ರ ಜೂನ್ 16ರಿಂದ ರೂ. 1450ರಿಂದ 2200ಕ್ಕೆ ಏರಿಸಿದಾಗ ಜನರು ಗೊಣಗಿದ್ದು ನಿಜ. ಆದರೆ ಅದು ಗುಟ್ಟಿನ ಮೊತ್ತವಾಗಿರಲಿಲ್ಲ. ಇನ್ನೊಂದು ನಿದರ್ಶನ ಪ್ರಸಾರ ಭಾರತಿಯ ಉಚಿತ ಡಿಶ್ಶು. 2004ರಲ್ಲಿ ಆರಂಭವಾದ ಆ ಸೇವೆಗೆ ಪೆಟ್ಟಿಗೆಯನ್ನು ಒಮ್ಮೆ ಕೊಂಡರಾಯಿತು. ತಿಂಗಳ ಚಂದಾ ಇಲ್ಲ. ಸೇರುವ ಕರಾರಿಲ್ಲದುದರಿಂದ ಬಿಡುವ ಶುಲ್ಕವೂ ಇಲ್ಲ. ಸರಕಾರದ ಸೇವೆಗಳಲ್ಲಿ ಕುಂದುಗಳೇ ಇಲ್ಲವೆಂದು ಇದರ ಅರ್ಥವಲ್ಲ. ಬಿಡುಗಡೆಯ ಲೆಕ್ಕವನ್ನು ಮೊದಲೇ ಬರೆದಿಡುವುದು ಆಗದ ಕೆಲಸವೆಂದು ಹೇಳುವವರ ಬಾಯಿ ಮುಚ್ಚಿಸಲು ಈ ನಿದರ್ಶನಗಳು ಸಾಕು ಎಂದಿಷ್ಟೇ.

ಆದುದರಿಂದ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಹೇಳುತ್ತೇವೆ. ಮನೆಬಾಗಿಲಿಗೆ ಬಂದು ಮಾರುವ ಪ್ರತಿಯೊಂದು ಸೇವೆಯ ಕರಾರಿನ ಮೊದಲ ಪುಟದಲ್ಲಿಯೇ, ಅದನ್ನು ಯಾವ ಭಾಷೆಯಲ್ಲಿ ಮಾರಿದರೋ ಆ ಭಾಷೆಯಲ್ಲಿ, ಬಿಡುವ ಕ್ರಮವೂ ಬಿಡುವ ವೆಚ್ಚವೂ ರೂಪಾಯಿಗಳಲ್ಲಿ ಇರಬೇಕು. ಸಹಿ ಪಡೆದ ಏಜೆಂಟನೇ ಬಿಡುಗಡೆಯ ಪತ್ರವನ್ನೂ ಪಡೆದು ರಸೀದಿ ಕೊಡಬೇಕು. ಆ ರಸೀದಿಯ ದಿನದಿಂದ ಒಂದು ಪೈಸೆಯೂ ಏರಕೂಡದು. ಪೆಟ್ಟಿಗೆಯನ್ನು ಕಳಚಿ ಒಯ್ಯುವುದು ಸಂಸ್ಥೆಯ ಹೊಣೆ. ಅವರು ಬರುವುದು ತಡವಾದರೆ ಅದರ ನಷ್ಟ ಅವರದು. ಬಳಸದ ತಿಂಗಳುಗಳ ಮುಂಗಡ ಹಣ ಮರಳಬೇಕು. ಖಾತೆದಾರನು ತೀರಿಕೊಂಡಲ್ಲಿ ಮರಣಪತ್ರವೊಂದೇ ಸಾಕಾಗಬೇಕು. ಅನ್ಯಾಯದ ಕರಾರಿನ ಸಣ್ಣ ದಾವೆಗಳನ್ನು ಜಿಲ್ಲಾ ಆಯೋಗವೇ ವಿಚಾರಿಸುವಂತೆ ಶಾಸನವನ್ನು ತಿದ್ದಬೇಕು. ಇವುಗಳಲ್ಲಿ ಯಾವುದೂ ವ್ಯಾಪಾರಿಯ ನ್ಯಾಯವಾದ ಲಾಭವನ್ನು ಕಸಿಯುವುದಿಲ್ಲ.

ಶಾಸನ ತಿದ್ದುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬುದು ಒಂಟಿಯಾಗಿ ಕೊಟ್ಟವನ ಗತಿ. ಹತ್ತು ಮಂದಿ ಕೂಡಿ ಕೇಳಿದರೆ ಈರಭದ್ರನೂ ಕತ್ತಿಯನ್ನು ಒರೆಗೆ ಸೇರಿಸುತ್ತಾನೆ. ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಬಾವುಟ ಏರಿಸುವುದರ ಜತೆಗೆ ಇಂಥ ಕೆಲಸಕ್ಕೂ ಕೈಹಾಕಬೇಕು. ಬಿಡುಗಡೆಯ ಪತ್ರದ ಮಾದರಿಯೊಂದನ್ನು ಕನ್ನಡ, ತಮಿಳು, ಇಂಗ್ಲಿಷುಗಳಲ್ಲಿ ಬರೆದು, ಈ ಪತ್ರಿಕೆಯಂತೆಯೇ ಸೈಕ್ಲೋಸ್ಟೈಲು ಮಾಡಿ, ಮನೆಮನೆಗೆ ಹಂಚಬಹುದು. ಅದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿಯನ್ನು ಜೋಪಾನವಾಗಿಟ್ಟುಕೊಳ್ಳಬೇಕು. ದೂರವಾಣಿಯ ಮಾತಿಗೆ ಸಾಕ್ಷಿಯಿಲ್ಲ, ಅಂಚೆಯ ಮುದ್ರೆಗೆ ಸಾಕ್ಷಿಯುಂಟು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಎಂಬ ಸಂಖ್ಯೆಯಲ್ಲಿ ಕನ್ನಡದಲ್ಲಿಯೂ ದೂರು ಕೊಡಬಹುದೆಂಬುದನ್ನು ಎಲ್ಲರೂ ತಿಳಿದಿರಬೇಕು. ಹೊಸ ಏಜೆಂಟನು ಜಗಲಿಗೆ ಬಂದ ದಿನ ಅವನನ್ನು ಮೊದಲು ಕೇಳಬೇಕಾದ ಪ್ರಶ್ನೆ 'ತಿಂಗಳಿಗೆ ಎಷ್ಟು?' ಎಂಬುದಲ್ಲ, 'ಬೇಡವಾದ ದಿನ ಎಷ್ಟು, ಯಾರನ್ನು ಕೇಳಬೇಕು, ಅದನ್ನು ಇಲ್ಲಿ ಬರೆದು ಸಹಿ ಹಾಕು' ಎಂಬುದು. ಬರೆದುಕೊಟ್ಟರೆ ಸಂತೋಷ; ಬರೆಯಲು ಹಿಂಜರಿದರೆ ಅವನಿಗೆ ಒಂದು ಲೋಟ ನೀರು ಕೊಟ್ಟು, ಘಟ್ಟದ ರಸ್ತೆ ಮುಚ್ಚುವುದಕ್ಕೆ ಮೊದಲೇ ಇಳಿದುಹೋಗೆಂದು ಕಳುಹಿಸಿಕೊಡುವುದೇ ಲೇಸು.